ಬೆಳಕು ಸುಟ್ಟ ಜಾಗ

"ಮುಟ್ಟಬೇಡಿ!"

ದಾಲ್ವಾ ಬೆಚ್ಚಿಬಿದ್ದಳು. ಚಾಚಿದ ಬೆರಳು ಗಾಳಿಯಲ್ಲೇ ನಿಂತಿತು. ಅದರ ಕೆಳಗೆ ಒಂದು ಉಕ್ಕಿನ ಗುಂಡು... ಕಪ್ಪು, ಆದರೆ ಬರೀ ಕಪ್ಪಲ್ಲ. ಓರೆಯಾಗಿ ನೋಡಿದರೆ ನವಿಲುಗರಿಯ ನೀಲಿ, ನೇರಳೆ.

"ಬೆರಳಿನ ಜಿಡ್ಡು ತಾಗಿದ್ರೆ ನನ್ನ ಹದಿನೈದು ದಿನದ ಕೆಲಸ ಹಾಳು, ದೊತೋರಾ! ಇಷ್ಟು ಓದಿದೋರಿಗೆ ಅದೂ ಗೊತ್ತಿಲ್ವಾ?"

"ಓದಿದೋರು ಕಿವುಡರಲ್ಲ. ಮೆಲ್ಲಗೆ ಹೇಳಿದ್ರೂ ಕೇಳುತ್ತೆ!"

ಅವನು ನಕ್ಕುಬಿಟ್ಟ.

ಅವಳ ಎದೆಯೊಳಗೆ ಏನೋ ಜಾರಿತು.

ಅವನ ಹೆಸರು ಒಝಿಯೆಲ್. ಸಾವ್ ಜೊಸೆ ನಗರದ ಆ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಲೇಪನದ ಯಂತ್ರ ನಡೆಸುವವನು. ಡಿಗ್ರಿ ಇಲ್ಲ. ಕೈ ಮಾತ್ರ ಬಂಗಾರ. ಏಳು ವರ್ಷ ಲೇಸರ್ ಮೇಲೆ ಕೆಲಸ ಮಾಡಿ, ಡಾಕ್ಟರೇಟ್ ಪಡೆದು 'ದೊತೋರಾ' ಆದ ದಾಲ್ವಾ ಫೋರ್ತಲೇಝಾದಿಂದ ಬಂದು ಎರಡೇ ದಿನವಾಗಿತ್ತು. ಅವನು ಲೇಪಿಸಿದ್ದನ್ನು ಹಸಿರು ಲೇಸರ್ ಬೆಳಕಿನಲ್ಲಿ ಪರೀಕ್ಷಿಸುವುದು ಅವಳ ಕೆಲಸ.

ದಿನಾ ಮಧ್ಯಾಹ್ನ ಅವಳ ಕಾಲು ತಾನಾಗಿ ಅವನ ಯಂತ್ರದ ಕಡೆ ನಡೆಯತೊಡಗಿತು.

ಉಕ್ಕಿನ ದೊಡ್ಡ ಹಂಡೆ, ಅದಕ್ಕೊಂದು ಗಾಜಿನ ಕಿಂಡಿ. ಗಾಳಿಯೆಲ್ಲ ಹೀರಿ, ಚಿಟಿಕೆಯಷ್ಟು ಮೀಥೇನ್ ಬಿಟ್ಟು, ವಿದ್ಯುತ್ ಹಾಯಿಸಿದರೆ ಒಳಗೆ ನೇರಳೆ ಬೆಳಕು ಅರಳುತ್ತಿತ್ತು. ಆ ಬೆಳಕಿನಲ್ಲಿ ಗುಂಡು ತೇಲುತ್ತಿರುವಂತೆ ಕಾಣುತ್ತಿತ್ತು... ತಾನೂ ತೇಲುತ್ತಿದ್ದೇನೆ ಅನಿಸುತ್ತಿತ್ತು ದಾಲ್ವಾಗೆ.

"ಒಳಗೆ ಈಗ ಏನಾಗ್ತಿದೆ?"

"ಇಂಗಾಲ ಕೂರ್ತಿದೆ. ಅರ್ಧ ವಜ್ರದ ಹಾಗೆ, ಅರ್ಧ ಪೆನ್ಸಿಲ್ ಕಡ್ಡಿ ಹಾಗೆ. ವಜ್ರದ ಪಾಲು ಕಮ್ಮಿ ಆದ್ರೆ ಸವೆದುಹೋಗುತ್ತೆ. ಇದು ಸೊಂಟದ ಕೀಲಿಗೆ ಹಾಕೋ ಗುಂಡು. ಯಾರೋ ಅಜ್ಜಿ ಇದನ್ನಿಟ್ಕೊಂಡು ಇಪ್ಪತ್ತು ವರ್ಷ ನಡೀಬೇಕು."

"ಕುಣೀಬೇಕು ಅನ್ನಿ."

"ಅಜ್ಜಿ ನಿಮ್ಮೂರಿನವಳಾದ್ರೆ ಕುಣೀತಾಳೆ ಬಿಡಿ!"

ಈ ಗುಂಡು ಪರೀಕ್ಷೆಯಲ್ಲಿ ಗೆದ್ದರೆ ಅವನ ಯಂತ್ರ ಉಳಿಯುತ್ತಿತ್ತು. ಸೋತರೆ ಯಂತ್ರ ಗುಜರಿಗೆ, ಅವನು ತವ್‌ಬಾತೆಯಲ್ಲಿರುವ ಅಣ್ಣನ ಬ್ರೆಡ್ ಅಂಗಡಿಗೆ. ಅದು ಅವಳಿಗೂ ಗೊತ್ತಿತ್ತು.

ಮಂಗಳವಾರ ಅವಳು ಗುಂಡಿನ ಮೇಲೆ ಬೆಳಕು ಬಿಟ್ಟಳು. ಒಳ್ಳೆಯ ಪದರವಾದರೆ ಪರದೆಯ ಮೇಲೆ ಒಂದು ಅಗಲವಾದ ಗುಡ್ಡ ಮೂಡಬೇಕು. ಮೂಡಿದ್ದು ಎರಡು ಚೂಪು ಮೊನೆ! ಪೆನ್ಸಿಲ್ ಕಡ್ಡಿಯ ಗುರುತು...

ಇನ್ನೆರಡು ಕಡೆ ನೋಡಿದಳು. ಅದೇ.

ಕಣ್ಣು ತುಂಬಿತು. ಆದರೂ ವರದಿ ಬರೆದಳು.

ಸಂಜೆಯೊಳಗೆ ಒಝಿಯೆಲ್ ಬಾಗಿಲಲ್ಲಿ ನಿಂತಿದ್ದ.

"ಪೆನ್ಸಿಲ್ ಕಡ್ಡಿ ಅಂತ ಬರೆದ್ರಂತೆ?"

"ಬೆಳಕು ಹೇಳಿದ್ದನ್ನ ಬರೆದೆ."

"ದಿನಾ ಆ ಕಿಂಡಿ ಹತ್ರ ನಿಂತಿರ್ತಿದ್ರಿ. ಬರೆಯೋ ಮುಂಚೆ ನನಗೊಂದು ಮಾತು ಹೇಳೋಕಾಗಲಿಲ್ವಾ? ಡಿಗ್ರಿ ಇಲ್ಲದವನ ಹತ್ರ ಏನು ಕೇಳೋದು ಅಂತಾನಾ?"

"ಹಾಗಲ್ಲ, ಒಝಿಯೆಲ್..."

ಅವನು ಹೊರಟುಹೋಗಿದ್ದ.

ಎರಡು ದಿನ ಅವಳು ಅವನ ಯಂತ್ರದ ಕಡೆ ಹೋಗಲಿಲ್ಲ. ಮೂರನೆಯ ದಿನ ಗುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನುಣ್ಣನೆಯ ಕಪ್ಪಿನ ಮೇಲೆ ಮೂರು ಚುಕ್ಕೆ, ಸುಟ್ಟ ಗಾಯದಂತೆ. ಅವಳು ಬೆಳಕು ಬಿಟ್ಟಿದ್ದ ಮೂರೇ ಜಾಗ!

ಲೇಸರಿನ ಮುಂದಿನ ಸಂದು ನೋಡಿದಳು. ಬೆಳಕನ್ನು ತಗ್ಗಿಸುವ ಗಾಜು ಅಲ್ಲಿರಲಿಲ್ಲ. ಒರೆಸಲೆಂದು ತೆಗೆದದ್ದು ಬಟ್ಟೆಯಲ್ಲೇ ಸುತ್ತಿಕೊಂಡಿತ್ತು.

ಪದರ ಕೆಟ್ಟಿರಲಿಲ್ಲ. ಅವಳ ಬೆಳಕೇ ಅದನ್ನು ಸುಟ್ಟು ಪೆನ್ಸಿಲ್ ಕಡ್ಡಿ ಮಾಡಿತ್ತು. ತಪ್ಪು ಅವಳದೇ, ಸುತ್ತಿ ಬಳಸಿ ಹೇಳುವುದಕ್ಕೇನಿದೆ?

ಗಾಜು ಹಾಕಿ, ಬೇರೆ ಜಾಗದಲ್ಲಿ ಮತ್ತೆ ನೋಡಿದಳು. ಪರದೆಯ ಮೇಲೆ ಒಂದೇ ಒಂದು ಅಗಲವಾದ ಗುಡ್ಡ, ಮಂಜಿನಲ್ಲಿ ಮಲಗಿದ ಹಾಗೆ...

ಕಾಫಿಯ ಹೊತ್ತಿಗೆ ಎಲ್ಲರೂ ಮೇಜಿನ ಸುತ್ತ ಇದ್ದರು. ಬಿಸಿ ಚೀಸ್ ಉಂಡೆಗಳ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ದಾಲ್ವಾ ಮುಖ್ಯಸ್ಥೆ ದೊನಾ ನೆವುಜಾ ಎದುರು ನಿಂತಳು.

"ನನ್ನ ವರದಿ ಸುಳ್ಳು. ಗಾಜು ಹಾಕೋದು ಮರೆತೆ. ಗುಂಡನ್ನ ಸುಟ್ಟಿದ್ದು ನಾನು."

ದೊನಾ ನೆವುಜಾ ಕಾಫಿ ಲೋಟ ಕೆಳಗಿಟ್ಟರು.

"ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ ಹುಡುಗಿ, ನೆನಪಿದೆಯಾ?"

"ಇದೆ."

ದೊನಾ ನೆವುಜಾ ಅವಳು ತಂದ ಹೊಸ ಗ್ರಾಫನ್ನು ಬಹಳ ಹೊತ್ತು ನೋಡಿದರು. "ಸೋಮವಾರ ನನ್ನೆದುರೇ ಇನ್ನೊಂದು ಸಲ ಪರೀಕ್ಷೆ. ನಿನ್ನ ವಿಷಯ ಆಮೇಲೆ. ಈಗ ಓಡು! ಅವನು ಯಂತ್ರ ಬಿಚ್ಚೋಕೆ ಶುರು ಮಾಡಿದಾನೆ."

ಓಡಿದಳು!

ಒಝಿಯೆಲ್ ಕಿಂಡಿಯ ಗಾಜನ್ನು ಕಳಚುತ್ತಿದ್ದ. ಅವಳು ಏದುಸಿರು ಬಿಡುತ್ತ ಗ್ರಾಫ್ ಚಾಚಿದಳು, ಎಲ್ಲ ಹೇಳಿದಳು. ಅವನು ಕೇಳಿಸಿಕೊಂಡ. ಸ್ಪ್ಯಾನರ್ ಕೆಳಗಿಡಲಿಲ್ಲ.

"ಏಳು ವರ್ಷ ಲೇಸರ್ ಜೊತೆ ಬದುಕಿದೋರು... ಗಾಜು ಹೇಗೆ ಮರೆತ್ರಿ?"

ಅವಳ ಮುಖ ಕೆಂಪಾಯಿತು. ಹೇಳಲೇ? ಬೇಡವೇ?

"ಒರೆಸೋಕೆ ತೆಗೆದೆ. ಆಗ ನೀವು ಬಾಗಿಲ ಮುಂದೆ ಹೋದ್ರಿ... ನೋಡ್ತಾ ನಿಂತೆ. ಅಷ್ಟೆ."

ಒಝಿಯೆಲ್ ಮೆಲ್ಲಗೆ ಸ್ಪ್ಯಾನರ್ ಕೆಳಗಿಟ್ಟ.

"ಆವತ್ತು ಆ ಬಾಗಿಲ ಮುಂದೆ ನಾಲ್ಕು ಸಲ ಹೋದೆ, ದಾಲ್ವಾ."

"ಅಷ್ಟೊಂದು ಕೆಲಸ ಇತ್ತಾ?"

"ಮೊದಲ ಸಲ ಇತ್ತು."

ಅವಳ ನಗುವೂ ಅಳುವೂ ಒಟ್ಟಿಗೇ ಬಂದವು.

"ಇನ್ಮೇಲೆ ಹಾಗೇ ದಾಟಿ ಹೋಗ್ಬೇಡ," ಎಂದಳು, "ಒಳಗೆ ಬಾ."