ಮೇಷ್ಟ್ರು ಹೇಳಿಕೊಡದ ಪ್ರಶ್ನೆ

"ನೀನು ತರಕಾರಿ ಆಗಿದ್ದಿದ್ರೆ ಯಾವ ತರಕಾರಿ ಆಗಿರ್ತಿದ್ದೆ?"

ಈರುಳ್ಳಿ ಹೆಚ್ಚುತ್ತಿದ್ದ ಚಿಕ್ಕಮ್ಮ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ರೀ ಮೇಷ್ಟ್ರೇ, ನಾನು ನರ್ಸು. ಇಂಟರ್‌ವ್ಯೂನಲ್ಲಿ ಇಂಥದ್ದೆಲ್ಲ ಯಾರು ಕೇಳ್ತಾರೆ?"

"ಕೇಳ್ತಾರೆ. ಹೋದ ಸಲ ಏನಾಯ್ತು?"

ಹೋದ ಸಲ, 'ನಿಮ್ಮನ್ನೇ ಯಾಕೆ ತಗೋಬೇಕು' ಎಂದು ಕೇಳಿದಾಗ ಬಾಯಿ ಕಟ್ಟಿಹೋಗಿ, ವಾರ್ಡಿನ ಅಭ್ಯಾಸಬಲದಿಂದ ಎದುರಿಗಿದ್ದ ದೊಡ್ಡ ಡಾಕ್ಟರ ಕೈ ಹಿಡಿದು ನಾಡಿ ನೋಡಿಬಿಟ್ಟಿದ್ದೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಈ ಲೆಕ್ಕದ ಮೇಷ್ಟ್ರು ಅಂದಿನಿಂದ ನನ್ನ ಬೆನ್ನು ಹತ್ತಿದ್ದರು. ಶಾಲೆ ಬಿಟ್ಟೊಡನೆ ಅಡುಗೆಮನೆಯಲ್ಲಿ ಹಾಜರ್. ತಡವರಿಸಿದರೆ ಕನ್ನಡಕದ ಮೇಲಿಂದ ನೋಡುವರು. ಸರಿಯಾಗಿ ಹೇಳಿದರೆ ತುಟಿಯಂಚಿನಲ್ಲಿ ನಗು. ಆ ನಗುವಿಗಾಗಿಯೇ ನಾನು ಕಲಿಯುತ್ತಿದ್ದೆ, ಸುಳ್ಳೇಕೆ ಹೇಳಲಿ!

ಆದರೆ ಕೆಲಸ ಇರುವುದು ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದ ಮಕ್ಕಳ ಆಸ್ಪತ್ರೆಯಲ್ಲಿ. ಎಷ್ಟು ಮುತುವರ್ಜಿಯಿಂದ ನನ್ನನ್ನು ಸಾಗಹಾಕುತ್ತಿದ್ದಾರಲ್ಲ ಈ ಮಹಾನುಭಾವ ಎಂದು ಒಳಗೊಳಗೇ ಸಂಕಟ.

ಆ ಆಸ್ಪತ್ರೆಯವರು ನಮ್ಮೂರಿಗೇ ಬಂದು ಇಂಟರ್‌ವ್ಯೂ ಇಟ್ಟುಕೊಂಡಿದ್ದರು. ಮೇಷ್ಟ್ರು ರಜೆ ಹಾಕಿ ಬಂದು ಹೊರಗಿನ ಬೆಂಚಿನ ಮೇಲೆ ಕೂತರು. ಒಳಗೆ ಎಲ್ಲಕ್ಕೂ ಪಟಪಟನೆ ಉತ್ತರಿಸಿದೆ. ಕೊನೆಗೆ ಹಿರಿಯ ಡಾಕ್ಟರಮ್ಮ ಕೇಳಿದರು: "ಈ ಕೆಲಸ ನಿಮಗೆ ಸಿಗದೇ ಇದ್ರೆ ಖುಷಿಪಡೋರು ಯಾರಾದ್ರೂ ಇದ್ದಾರಾ?"

ಇದನ್ನು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ.

"ನಾನೇ ಮೇಡಂ," ಎಂದೆ. "ಅರ್ಧ ಮನಸ್ಸಿಗೆ ಖುಷಿ ಆಗುತ್ತೆ. ಹೊರಗೆ ಒಬ್ರು ಕೂತಿದ್ದಾರೆ, ಅವರನ್ನ ಬಿಟ್ಟು ಹೋಗೋದು ಕಷ್ಟ. ಆದ್ರೂ ಕೆಲಸ ಕೊಟ್ರೆ ಬರ್ತೀನಿ. ಮಕ್ಕಳ ವಾರ್ಡ್ ಅಂದ್ರೆ ನಂಗೆ ಪ್ರಾಣ."

ಡಾಕ್ಟರಮ್ಮ ನಕ್ಕು, ಮುಂದಿನ ತಿಂಗಳೇ ಬಂದು ಸೇರಿಕೊಳ್ಳಿ ಎಂದರು.

ಹೊರಗೆ ಬಂದು ಒಂದಕ್ಷರ ಬಿಡದೆ ಮೇಷ್ಟ್ರಿಗೆ ಒಪ್ಪಿಸಿದೆ. ಅವರ ಕಿವಿ ಕೆಂಪಾಯಿತು.

"ಆ ಪ್ರಶ್ನೆ ಯಾಕೆ ಹೇಳಿಕೊಡ್ಲಿಲ್ಲ?"

"ಉತ್ತರ ಕೇಳೋ ಧೈರ್ಯ ಇರ್ಲಿಲ್ಲ ಕಣೇ."

ಕಣೇ! ಇಷ್ಟು ದಿನದಲ್ಲಿ ಮೊದಲ ಸಲ. ನನಗೆ ಅಳು ಬಂತು, ಸಿಟ್ಟೂ ಬಂತು. "ಮತ್ತೆ ನನ್ನ ಊರು ಬಿಡಿಸೋಕೆ ಯಾಕಿಷ್ಟು ಕಷ್ಟಪಟ್ರಿ?"

"ಮಕ್ಕಳ ವಾರ್ಡ್ ಸಿಗದೆ ನೀನು ಇಲ್ಲೇ ಕೊರಗೋದನ್ನ ನೋಡೋಕಾಗ್ತಿರ್ಲಿಲ್ಲ." ಕನ್ನಡಕ ತೆಗೆದು ಒರೆಸಿಕೊಂಡರು. "ಆ ಊರಿನ ಶಾಲೆಗೊಬ್ಬ ಲೆಕ್ಕದ ಮೇಷ್ಟ್ರು ಬೇಕಂತೆ. ನೀನು ಒಳಗಿದ್ದಾಗ ಫೋನ್ ಮಾಡಿ ವಿಚಾರಿಸ್ದೆ. ನಾಡಿದ್ದು ನಂಗೂ ಇಂಟರ್‌ವ್ಯೂ."

ಸುತ್ತಮುತ್ತ ಜನ ಓಡಾಡುತ್ತಿದ್ದರು. ಇದ್ದರೆ ಇರಲಿ ಎಂದು ಕೇಳಿಯೇಬಿಟ್ಟೆ: "ನನ್ನ ಮದುವೆ ಆಗ್ತೀರಾ?"

"ಆಗ್ತೀನಿ," ಎಂದರು, ನನ್ನ ಮಾತು ಮುಗಿಯುವ ಮೊದಲೇ.