ಫೈಲಿಗಿಂತ ಮೊದಲು ಬಂದ ಹ್ಯಾಶ್

ಮಂಗಳವಾರ ಬೆಳಿಗ್ಗೆ 9.20ಕ್ಕೆ ತಿರುವನಂತಪುರದ ಸೈಬರ್ ಠಾಣೆಗೆ ದೂರು ತಂದವರು ಧರ್ಮಾಸ್ಪತ್ರೆಯೊಂದರ ಹೆಡ್ ನರ್ಸ್ ಮೇರಿಕುಟ್ಟಿ. ಡಯಾಲಿಸಿಸ್ ಸರದಿ ನೋಡಿಕೊಳ್ಳುವ ತಂತ್ರಾಂಶದ ಹೊಸ ಆವೃತ್ತಿ ಹಾಕಿದ್ದೇ ತಡ, ರೋಗಿಗಳ ಪಟ್ಟಿಯೆಲ್ಲ ಅಳಿಸಿಹೋಗಿತ್ತು. ಸೋಮವಾರ ಸರದಿ ತಪ್ಪಿದ ವಾಸು ಪಿಳ್ಳೆ ಎಂಬ ಮುದುಕರು ಐಸಿಯುನಲ್ಲಿದ್ದರು. ಎಫ್‌ಐಆರ್ ದಾಖಲಾಯಿತು.

ತಂತ್ರಾಂಶ ಊರಿನ ಸ್ವಯಂಸೇವಕರ ಗುಂಪೊಂದರದು. ಹೊಸ ಆವೃತ್ತಿಯ ಆ ಹಾಳು ಫೈಲು ಸರ್ವರಿಗೆ ಏರಿದ್ದು ರಹನಾ ಎಂಬ ಹುಡುಗಿಯ ಲಾಗಿನ್‌ನಿಂದ, ಭಾನುವಾರ 11.05ಕ್ಕೆ. ಅವಳನ್ನು ಬಂಧಿಸಲು ಕಾನ್‌ಸ್ಟೇಬಲ್ ನೌಫಲ್ ತುದಿಗಾಲಲ್ಲಿ ನಿಂತಿದ್ದ.

"ನಾನಲ್ಲ ಮೇಡಂ. ನಮ್ಮೆಲ್ಲರ ಪಾಸ್‌ವರ್ಡೂ ಆಫೀಸಿನ ಬೋರ್ಡ್ ಮೇಲೇ ಬರೆದಿದೆ. ಉದಯನ್ ಚೇಟ್ಟನ್ನ ಕೇಳಿ" ಎಂದು ಅವಳು ಅತ್ತಳು.

"ಕಳ್ಳರಿಗೆ ಕಷ್ಟ ಆಗ್ಬಾರ್ದು ಅಂತಾನಾ?" ಎಂದರು ಇನ್‌ಸ್ಪೆಕ್ಟರ್ ಸೂಸಿ ಕುರುವಿಳ. ಆದರೂ ಬಂಧನ ತಡೆದರು.

ಮಧ್ಯಾಹ್ನ ಗುಂಪಿನ ಕಚೇರಿಯಲ್ಲಿ ಪಂಚನಾಮೆ ನಡೆಯಿತು. ಪ್ರತಿ ಫೈಲಿಗೂ ಬೆರಳಚ್ಚಿನ ಹಾಗೆ ಒಂದು ಹ್ಯಾಶ್, ಆ ಫೈಲಿನಿಂದಲೇ ಲೆಕ್ಕ ಹಾಕಿ ತೆಗೆದ ಅಂಕಿ-ಅಕ್ಷರಗಳ ಸಾಲು. ಫೈಲಿನಲ್ಲಿ ಒಂದಕ್ಷರ ಬದಲಾದರೂ ಅದು ಪೂರ್ತಿ ಬೇರೆ. ಫೈಲು ಇಳಿಸಿಕೊಂಡವರು ತಾಳೆ ನೋಡಲೆಂದು ಗುಂಪು ಅದನ್ನು ಒಂದು ಪಟ್ಟಿಯಲ್ಲಿ ಪ್ರಕಟಿಸುತ್ತಿತ್ತು. ಪಟ್ಟಿ ನೋಡಿಕೊಳ್ಳುವವನು ಉದಯಭಾನು, ರಹನಾ ಉದಯನ್ ಚೇಟ್ಟನ್ ಎಂದು ಅಣ್ಣನಂತೆ ಕರೆದವನು, ಗುಂಪಿನಲ್ಲೇ ಹಳಬ.

"ಈ ಫೈಲಿನ ಹ್ಯಾಶ್ ಸೇರಿಸಿದ್ದು ಯಾರು?" ಸೂಸಿ ಅವನನ್ನು ಕೇಳಿದರು.

"ನಾನೇ. ರಹನಾ ಫೈಲ್ ಹಾಕಿದ್ಲು, ನಾನು ಹ್ಯಾಶ್ ತೆಗೆದು ಪಟ್ಟಿಗೆ ಸೇರಿಸ್ದೆ. ಒಳಗೇನಿದೆ ಅಂತ ನೋಡೋದು ನನ್ನ ಕೆಲಸ ಅಲ್ಲ."

"ಫೈಲ್ ಬಂದ್ಮೇಲೆ?"

"ಮತ್ತಿನ್ಯಾವಾಗ?"

ಸೂಸಿ ಸರ್ವರಿನ ದಾಖಲೆ ಮುಂದಿಟ್ಟರು. "ಫೈಲ್ ಬಂದಿದ್ದು 11.05ಕ್ಕೆ. ನಿಮ್ಮ ಪಟ್ಟಿ 10.40ರದ್ದು. ಇನ್ನೂ ಬಾರದ ಫೈಲಿನ ಹ್ಯಾಶ್ ನಿಮಗೆ ಹೇಗೆ ಸಿಕ್ತು ಸಾರ್?"

ಉದಯಭಾನು ದಾಖಲೆಯಲ್ಲಿನ ಸಮಯವನ್ನು ಮತ್ತೊಮ್ಮೆ ಓದಿದ. ಹ್ಯಾಶ್ ಇಲ್ಲದ ಫೈಲು ಒಂದು ಗಳಿಗೆಯೂ ಜನರ ಕೈಗೆ ಸಿಗಕೂಡದೆಂದು ಮೊದಲು ಪಟ್ಟಿ, ಆಮೇಲೆ ಫೈಲು ಏರಿಸುವುದು ಹನ್ನೆರಡು ವರ್ಷಗಳ ಅವನ ನೇಮ. ರಹನಾಳ ಲಾಗಿನ್‌ನಿಂದ ಕೇಡು ಬಗೆಯುವಾಗಲೂ ಕೈ ಆ ನೇಮ ಬಿಟ್ಟಿರಲಿಲ್ಲ.

4.15ಕ್ಕೆ ಬಂಧನವಾಯಿತು.

"ಆಸ್ಪತ್ರೆ ವಾರ್ಷಿಕೋತ್ಸವದಲ್ಲಿ ತಂತ್ರಾಂಶ ಮಾಡಿದವಳು ಅಂತ ರಹನಾಗೆ ಶಾಲು ಹೊದಿಸಿದ್ರು. ಸೇರಿ ಆರು ತಿಂಗಳಾಗಿತ್ತು ಅಷ್ಟೆ. ನನ್ನನ್ನೂ ವೇದಿಕೆಗೆ ಕರೆದ್ರು ಮೇಡಂ, ಕುರ್ಚಿ ಸರಿಸೋಕೆ."

ಹೇಳಿಕೆಗೆ ಸಹಿ ಹಾಕುತ್ತ ಕೇಳಿದ: "ಆ ಫೈಲಿಗೂ ಹ್ಯಾಶ್‌ಗೂ ತಾಳೆ ಆಯ್ತಾ?"

"ಆಯ್ತು."

"ಸದ್ಯ" ಎಂದ.

ಸೂಸಿಗೆ ಮೈಯೆಲ್ಲ ಉರಿಯಿತು. "ವಾಸು ಪಿಳ್ಳೆ ಮೂರು ಗಂಟೆಗೆ ತೀರಿಕೊಂಡ್ರು."

ಉದಯಭಾನು ಪೆನ್ನು ಕೆಳಗಿಟ್ಟ. ವಾಸು ಪಿಳ್ಳೆಯವರ ಮುಖ ಅವನು ಎಂದೂ ನೋಡಿರಲಿಲ್ಲ; ತಂತ್ರಾಂಶದ ಸರದಿ ಪಟ್ಟಿಯಲ್ಲಿ ಹೆಸರು ನೋಡಿದ್ದನಷ್ಟೆ.

"ಸೋಮವಾರ, ಗುರುವಾರ" ಎಂದ. "ಬೆಳಗಿನ ಸರದಿ. ಮೂರನೇ ಮಂಚ."