ಬಾಗಿಲ ಹಿಂದಿನ ಬೋರಲು ಹಂಡೆ

1970ರ ಫೆಬ್ರವರಿ ಒಂಬತ್ತು, ಸೋಮವಾರ. ಡೆಟ್ರಾಯಿಟ್‌ನ ಠಾಣೆಗೆ ಕಾರು ಕಾರ್ಖಾನೆಯಿಂದ ದೂರು ಬಂತು: ಕಚೇರಿಯಲ್ಲಿ ಸುತ್ತೋಲೆ ಅಚ್ಚು ಹಾಕುವ ಸೈಕ್ಲೋಸ್ಟೈಲ್ ಯಂತ್ರ ಕಳುವಾಗಿದೆ. ಕಳ್ಳನ ಹೆಸರನ್ನೂ ಅವರೇ ಬರೆದುಕೊಟ್ಟಿದ್ದರು: ಕಪ್ಪು ಕಾರ್ಮಿಕರ ಸಂಘ ಕಟ್ಟಿದ್ದ ಕ್ಲಿಯಾನ್ ಬ್ಯಾಟಲ್. ಕೂಸು ಹುಟ್ಟುವ ಮುಂಚೆ ಕುಲಾವಿ. ಠಾಣೆಯ ಒಬ್ಬನೇ ಕಪ್ಪು ಅಧಿಕಾರಿ ಇನ್‌ಸ್ಪೆಕ್ಟರ್ ಏಮಸ್ ಟಾಲಿವರ್ ದೂರಿನ ವರದಿಯಲ್ಲಿ ಆರೋಪಿಯ ಜಾಗವನ್ನು ಖಾಲಿ ಬಿಟ್ಟ.

ಕಚೇರಿಯ ಬೀಗ ಮುರಿದಿರಲಿಲ್ಲ. ಸಂಘದವರು ಗೇಟಿನಲ್ಲಿ ಹಂಚಿದ ಕರಪತ್ರದ ಮೂಲೆಯಲ್ಲಿದ್ದ ಮಸಿಕಲೆ ಕಂಪನಿಯ ಹಳೆಯ ಸುತ್ತೋಲೆಗಳಲ್ಲೂ ಇತ್ತು. ಯಂತ್ರ ಅದೇ. ಕೀಲಿ ಇದ್ದವರ ಮನೆಗಳನ್ನು ಶೋಧಿಸುತ್ತ ಬುಧವಾರ ಮಧ್ಯಾಹ್ನ ಪೊಲೀಸರು ಕಚೇರಿ ಗುಡಿಸುವ ಮುದುಕಿ ವರ್ಲೀನ್ ಗ್ಯಾಡಿಸ್‌ಳ ಮನೆಗೆ ಬಂದರು. ಬಿಳಿಯ ಕಾನ್‌ಸ್ಟೇಬಲ್ ಪ್ರೂಯಿಟ್ ಬಾಗಿಲ ಹಿಂದೆ ಬೋರಲು ಹಾಕಿದ್ದ ಕಬ್ಬಿಣದ ಹಂಡೆಯನ್ನು ಎಡವಿದ. ನಲ್ಲಿನೀರಿನ ಊರಲ್ಲಿ ಹಂಡೆ ಯಾಕಜ್ಜಿ ಎಂದು ನಕ್ಕ.

ಟಾಲಿವರ್ ನಗಲಿಲ್ಲ. ಅಲಬಾಮದಲ್ಲಿ ಅವನ ಅಜ್ಜಿಯೂ ಗುಟ್ಟಿನ ಸಭೆಗೆ ಹೀಗೇ ಹಂಡೆ ಬೋರಲು ಹಾಕುತ್ತಿದ್ದಳು. ಮಾತೆಲ್ಲ ಅದರೊಳಗೆ ಅಡಗಿ ಧಣಿಯ ಕಿವಿಗೆ ಬೀಳುವುದಿಲ್ಲವೆಂದು ಗುಲಾಮಗಿರಿಯ ಕಾಲದಿಂದ ಬಂದ ನಂಬಿಕೆ. ಇಲ್ಲಿ ಸಭೆ ನಡೆದಿದೆ. ಮುದುಕಿ ಹಂಡೆ ಎತ್ತಿಡಲು ಮರೆತಿದ್ದಾಳೆ.

"ಸಭೆಗೆ ಯಾರ್ಯಾರು ಬಂದಿದ್ರಮ್ಮ?"

"ಹಂಡೆನೇ ಕೇಳು, ಮಗಾ."

"ಯಂತ್ರ ಸಿಗದಿದ್ರೆ ಕ್ಲಿಯಾನ್ ಒಳಗೆ ಹೋಗ್ತಾನೆ."

ಮುದುಕಿ ಮಂಚದ ಕೆಳಗಿನ ಕೌದಿಯನ್ನು ತಾನೇ ಎಳೆದಳು. ಅದರಡಿ ಯಂತ್ರವಿತ್ತು. "ಕಸದ ಗಾಡೀಲಿಟ್ಕೊಂಡು ತಂದೋಳು ನಾನು. ಬರ್ಕೋ."

ಯಂತ್ರ ವಶಪಡಿಸಿಕೊಂಡ ಪತ್ರಕ್ಕೆ ನೆರೆಯವರಿಬ್ಬರು ಸಾಕ್ಷಿ ಸಹಿ ಹಾಕಿದರು. ಹಿಂದಿನ ನವೆಂಬರಿನಲ್ಲಿ ಮುದುಕಿಯ ಮಗ ಹೊರೇಸ್ ಕಾರ್ಖಾನೆಯ ತಗಡು ಒತ್ತುವ ಯಂತ್ರಕ್ಕೆ ಸಿಕ್ಕಿ ಸತ್ತಿದ್ದ. ಕುಡಿದು ಸತ್ತನೆಂದು ಕಂಪನಿ ಸುತ್ತೋಲೆ ಹೊರಡಿಸಿತ್ತು. ಸುಳ್ಳು ಅಚ್ಚು ಹಾಕಿದ ಯಂತ್ರವೇ ನಿಜವನ್ನೂ ಅಚ್ಚು ಹಾಕಲಿ ಎಂದು ಅದನ್ನು ತಂದೆನೆಂದು ಹೇಳಿಕೆ ಕೊಟ್ಟಳು. ಪ್ರಾಯದಲ್ಲಿ ಅಲಬಾಮದ ಗೇಣಿದಾರರ ಸಂಘದಲ್ಲಿದ್ದು ಧಣಿಗಳ ಬಂದೂಕು ಕಂಡವಳು ಅವಳು. ಕಾರ್ಖಾನೆ ದುಡಿಯುವವರದ್ದಾಗಬೇಕೆಂಬ ಕ್ಲಿಯಾನ್‌ನ ಮಾತು ಅವಳಿಗೆ ಹೊಸದೇನಲ್ಲ.

ಇಂಥ ಎದೆಗಾರಿಕೆಯನ್ನು ಟಾಲಿವರ್ ತನ್ನ ಇಲಾಖೆಯಲ್ಲಿ ಕಂಡಿರಲಿಲ್ಲ. ಅವಳನ್ನು ಬಂಧಿಸುವಾಗ ಅವನಿಗೆ ನಾಚಿಕೆಯಾಯಿತು. ಬೇಡಿಯನ್ನು ಜೇಬಿನಲ್ಲೇ ಬಿಟ್ಟ.

ಹೊಸಿಲ ಬಳಿ ಮುದುಕಿ ನಿಂತಳು.

"ಹಂಡೆ ನೆಟ್ಟಗೆ ಇಡು, ಮಗಾ. ಹೊರೇಸ್ ಹೇಗೆ ಸತ್ತ ಅಂತ ಕೋರ್ಟಲ್ಲಿ ಹೇಳ್ತೀನಿ. ಎಲ್ಲರ ಕಿವಿಗೂ ಬೀಳ್ಲಿ."

ಟಾಲಿವರ್ ಟೋಪಿ ತೆಗೆದು, ಬಗ್ಗಿ, ಹಂಡೆಯನ್ನು ನೆಟ್ಟಗೆ ಇಟ್ಟ.